ಮೊಣಕಾಲೆತ್ತರದಿಂದ ಕಂಡ ಬಿಳಿಗಿರಿ

ಭಾನುವಾರ

ಚಾಮರಾಜನಗರ ಬಿಟ್ಟು ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿ (ಕ್ಯಾತದೇವರ ಗುಡಿ) ಕಡೆ ಹೊರಟ ಜೀಪು ಚೆಕ್‌ಪೋಸ್ಟ್ ದಾಟುವಾಗ ಮಧ್ಯಾಹ್ನ ಮೂರು ಗಂಟೆ. ಜನವರಿ ತಿಂಗಳು. ಹುಲ್ಲು ಒಣಗಲು ಶುರುವಾಗಿತ್ತು, ಬೆಂಕಿಯ ಕಾಲ ಇನ್ನೂ ಬಂದಿರಲಿಲ್ಲ. ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಹಾದಾಗ ತಾನೇ ಫೋಟೋ ತೆಗೆಯುವ ಕ್ಯಾಮೆರಾ, ಇಡುವುದಕ್ಕೆ ಇದು ಒಳ್ಳೆಯ ಹೊತ್ತು. ಮಳೆಗಾಲದಲ್ಲಿ ಇಟ್ಟರೆ ಒಳಗೆ ತೇವ ಸೇರುತ್ತದೆ, ದಾರಿಗಳೂ ಮುಚ್ಚಿರುತ್ತವೆ. ಮಾರ್ಚ್ ಆದರೆ ಇಲಾಖೆಯವರಿಗೆಲ್ಲ ಬೆಂಕಿ ಕಾಯುವುದೇ ಕೆಲಸ.

ನಾನು ಹೋದದ್ದು ಸ್ವಯಂಸೇವಕಿಯಾಗಿ. ಮೈಸೂರಿನಲ್ಲಿ ಬ್ಯಾಂಕ್ ಕೆಲಸ, ರಜೆ ಉಳಿದಿತ್ತು. ಅರಣ್ಯ ಇಲಾಖೆಯ ಅನುಮತಿ ಪಡೆದ ಸಂಶೋಧಕರ ತಂಡವೊಂದು ಹುಲಿ ಎಣಿಸುವುದಕ್ಕೆ ಈ ಭಾಗದಲ್ಲಿ ಆಗಲೇ ಕ್ಯಾಮೆರಾಗಳನ್ನು ಕಟ್ಟಿ ಮುಗಿಸಿತ್ತು. ಈ ವಾರದ ಕೆಲಸ ಸುತ್ತು ಹೊಡೆಯುವುದು. ಪ್ರತಿ ಜಾಗಕ್ಕೂ ನಡೆದು ಹೋಗಬೇಕು, ಕಾರ್ಡ್ ತೆಗೆದು ಹೊಸದು ಹಾಕಬೇಕು, ಬ್ಯಾಟರಿ ಬದಲಿಸಬೇಕು, ಬೀಗ ಹಾಕಿ ಮುಂದಕ್ಕೆ ಹೋಗಬೇಕು. ಕೇಳುವುದಕ್ಕೆ ಮೀಟರ್ ರೀಡಿಂಗ್ ತರಹ ಇದೆ, ಅಲ್ವಾ? ಆದರೆ ನಡುವೆ ಆನೆಗಳಿವೆ.

ಬಿಳಿಗಿರಿರಂಗನ ಬೆಟ್ಟ ನಕ್ಷೆಯಲ್ಲಿ ದೊಡ್ಡ ಜಾಗವೇನಲ್ಲ. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ವಿಸ್ತೀರ್ಣ 575 ಚದರ ಕಿಲೋಮೀಟರ್‌ಗೆ ತುಸು ಕಡಿಮೆ. ಆದರೆ ಪಶ್ಚಿಮ ಘಟ್ಟವೂ ಪೂರ್ವ ಘಟ್ಟವೂ ಕೂಡುವ ಜಾಗ ಇದು. ಒಂದು ಬದಿಗೆ ತಮಿಳುನಾಡಿನ ಸತ್ಯಮಂಗಲದ ಕಾಡು, ಇನ್ನೊಂದು ಬದಿಗೆ ಮಲೆ ಮಹದೇಶ್ವರನ ಬೆಟ್ಟಗಳು. ಕೆಳಗೆ 600 ಮೀಟರ್ ಎತ್ತರದಲ್ಲಿ ಮುಳ್ಳು ಕುರುಚಲು ಇದ್ದರೆ ಮೇಲೆ 1,800 ಮೀಟರ್ ಹತ್ತಿರ ಶೋಲಾ ಎನ್ನುವ ನಿತ್ಯಹಸಿರು ಕಾಡು, ಹುಲ್ಲುಗಾವಲು. ಇಲ್ಲಿನ ಬುಡಕಟ್ಟಿನವರಾದ ಸೋಲಿಗರು ಇವನ್ನೆಲ್ಲ ಸುಮ್ನೆ ಕಾಡು ಎನ್ನುವುದಿಲ್ಲ. ನಾಡುಕಾಡು, ಮಲೆಕಾಡು, ಕಾನುಕಾಡು, ಬೋಳಿ ಎಂದು ಬಿಡಿಸಿ ಹೇಳುತ್ತಾರೆ. ಬೋಳಿ ಅಂದರೆ ಮೇಲಿನ ಹುಲ್ಲುಗಾವಲು.

ಸಂಜೆ ಕ್ಯಾಂಪಿನಲ್ಲಿ ಮುದ್ದೆ, ಹುರುಳಿ ಸಾರು. ಊಟ ಆದ ಮೇಲೆ ಸಂಶೋಧಕಿ ಕಬ್ಬಿಣದ ಟ್ರಂಕ್ ತೆರೆದು ಸಾಮಾನು ತೋರಿಸಿದರು. ರೀಚಾರ್ಜ್ ಮಾಡುವ ಬ್ಯಾಟರಿಗಳು, ಹೆಸರು ಬರೆದ ಮೆಮೊರಿ ಕಾರ್ಡ್‌ಗಳು, ತೇವ ಹೀರುವ ಸಿಲಿಕಾ ಪೊಟ್ಟಣ, ಪೇಂಟ್ ಬ್ರಷ್, ಸರಪಳಿ, ಬೀಗ, ಜಿಪಿಎಸ್, ಒಂದು ಚಿಕ್ಕ ಕಪ್ಪು ಹಲಗೆ. ಬ್ರಷ್ ಯಾಕೆ ಎಂದು ಕೇಳಿದೆ. ಇರುವೆ ಗುಡಿಸೋಕೆ ಎಂದರು. ಕ್ಯಾಮೆರಾ ಒಳಗೆ ಒಣಗಿದ, ಬೆಚ್ಚಗಿನ ಜಾಗ ಇರುತ್ತದೆ. ಇರುವೆ ಮೊಟ್ಟೆ ಸಮೇತ ಒಕ್ಕಲು ಹೂಡುತ್ತದೆ.

ಒಂದು ನಿಯಮವನ್ನು ಮಾತ್ರ ಅವರು ಎರಡು ಸಲ ಹೇಳಿದರು. ಕ್ಯಾಮೆರಾ ಇರುವ ಜಾಗದ ಫೋಟೋ ತೆಗೆದು ಯಾರಿಗೂ ಕಳಿಸಬಾರದು. ಫೋನ್ ತೆಗೆದ ಫೋಟೋದಲ್ಲಿ ಜಾಗದ ಗುರುತು ಕೂತಿರುತ್ತದೆ. ಹುಲಿ ಓಡಾಡುವ ದಾರಿ ಕಳ್ಳಬೇಟೆಯವರಿಗೂ ಬೇಕಾದ ಮಾಹಿತಿಯೇ. ಈ ಬರಹದಲ್ಲಿ ಹಳ್ಳ, ಕೆರೆಗಳ ಹೆಸರು ಸಿಗದಿದ್ದರೆ ಅದೇ ಕಾರಣ.

ಸೋಮವಾರ

ಬೆಳಿಗ್ಗೆ ಮಂಜು ಇಳಿಯುವ ಮುಂಚೆ ಹೊರಟೆವು. ಸಂಶೋಧಕಿ, ಒಬ್ಬ ಗಾರ್ಡ್, ಸೋಲಿಗರ ಹಿರಿಯ ವಾಚರ್, ನಾನು. ಮುಂದೆ ವಾಚರ್. ಅವರು ನಿಂತರೆ ಎಲ್ಲರೂ ನಿಲ್ಲಬೇಕು, ಅವರು ಓಡಿದರೆ ಪ್ರಶ್ನೆ ಕೇಳದೆ ಓಡಬೇಕು ಎಂದು ಗಾರ್ಡ್ ಮೊದಲೇ ಹೇಳಿದ್ದರು. ಕೈಯಲ್ಲಿ ಬಂದೂಕು ಇಲ್ಲ. ಒಂದು ಮಚ್ಚು, ಒಂದು ಕೋಲು, ಅಷ್ಟೆ.

ಮೊದಲ ಜಾಗ ಒಂದು ಹಳೆಯ ಜೀಪ್ ದಾರಿ. ಎಡಕ್ಕೊಂದು, ಬಲಕ್ಕೊಂದು ಕ್ಯಾಮೆರಾ ಮರಕ್ಕೆ ಕಟ್ಟಿತ್ತು. ನೆಲದಿಂದ ನನ್ನ ಮೊಣಕಾಲಿನಷ್ಟು ಎತ್ತರ, ಅಂದರೆ ಒಂದೂವರೆ ಅಡಿ. ನಮ್ಮ ಕಣ್ಣಿಗೆ ತೀರಾ ತಗ್ಗು ಅನಿಸುತ್ತದೆ. ಆದರೆ ನಡೆಯುವ ಹುಲಿಯ ಮಗ್ಗುಲು ಚೌಕಟ್ಟಿನ ನಡುವೆ ಬರಬೇಕಾದರೆ ಅಷ್ಟೇ ಎತ್ತರ ಬೇಕು.

ಎರಡು ಕ್ಯಾಮೆರಾ ಯಾಕೆ ಎನ್ನುವುದು ಇಲ್ಲಿ ನಿಂತಾಗ ಸರಿಯಾಗಿ ಗೊತ್ತಾಯಿತು. ಹುಲಿಯ ಪಟ್ಟೆಗಳು ನಮ್ಮ ಹೆಬ್ಬೆರಳ ಗುರುತಿನ ಹಾಗೆ ಒಂದರದ್ದು ಇನ್ನೊಂದಕ್ಕಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ಒಂದೇ ಹುಲಿಯ ಎಡ ಮಗ್ಗುಲಿನ ಪಟ್ಟೆಗೂ ಬಲ ಮಗ್ಗುಲಿನ ಪಟ್ಟೆಗೂ ಹೊಂದಿಕೆ ಇರುವುದಿಲ್ಲ. ಇಂದು ಎಡಭಾಗ ಸಿಕ್ಕಿ, ನಾಳೆ ಇನ್ನೊಂದು ಕಡೆ ಬಲಭಾಗ ಸಿಕ್ಕರೆ ಅದು ಒಂದು ಹುಲಿಯೋ ಎರಡೋ ಎಂದು ಹೇಳಲಾಗದು. ಎರಡೂ ಬದಿ ಒಟ್ಟಿಗೆ ಸಿಗಬೇಕು. ಹಾಗಂತ ಎರಡನ್ನೂ ನೇರ ಎದುರುಬದುರು ಕಟ್ಟುವುದಿಲ್ಲ. ಒಂದರ ಫ್ಲ್ಯಾಶ್ ಇನ್ನೊಂದರ ಕಣ್ಣಿಗೆ ಹೊಡೆಯುತ್ತದೆ. ಸ್ವಲ್ಪ ಹಿಂದೆ ಮುಂದೆ ಮಾಡಿ ಕಟ್ಟುತ್ತಾರೆ.

ಕ್ಯಾಮೆರಾದೊಳಗೆ ಶಾಖ ಗ್ರಹಿಸುವ ಒಂದು ಸೆನ್ಸರ್ ಇರುತ್ತದೆ. ಹಿಂದಿನ ನೆಲ, ಗಿಡಗಳಿಗಿಂತ ಬೇರೆ ಬಿಸಿಯ ಮೈಯೊಂದು ಅಡ್ಡ ಹಾದರೆ ಕ್ಲಿಕ್ ಆಗುತ್ತದೆ. ಚಳಿಗಾಲದ ರಾತ್ರಿ ಇದು ಚೆನ್ನಾಗಿ ನಡೆಯುತ್ತದೆ. ಮಧ್ಯಾಹ್ನ ಕಾದ ಹುಲ್ಲು ಗಾಳಿಗೆ ತೂಗಿದರೂ ಕ್ಲಿಕ್ ಎನ್ನುತ್ತದೆ. ಅದಕ್ಕೇ ಮುಂದಿನ ಹುಲ್ಲು ಸವರುವುದು ಮುಖ್ಯ ಕೆಲಸ. ತುಂಬಾ ಸವರಿದರೆ ಪ್ರಾಣಿಗೆ ಅನುಮಾನ, ಕಡಿಮೆ ಸವರಿದರೆ ಕಾರ್ಡ್ ತುಂಬಾ ಹುಲ್ಲು. ಇಲ್ಲಿ ಬಳಸುವುದು ಬಿಳಿ ಫ್ಲ್ಯಾಶ್ ಇರುವ ಕಡ್ಡಿಬ್ಯಾಕ್ ಕಂಪನಿಯ ಕ್ಯಾಮೆರಾ. ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕಿನವು ಪ್ರಾಣಿಯನ್ನು ಅಷ್ಟಾಗಿ ಬೆದರಿಸುವುದಿಲ್ಲ, ನಿಜ. ಆದರೆ ರಾತ್ರಿ ಚಿತ್ರ ಕಪ್ಪು ಬಿಳುಪಾಗಿ, ನಡೆಯುವ ಹುಲಿಯ ಪಟ್ಟೆ ಮಸುಕಾಗುತ್ತದೆ. ಗುರುತು ಹಿಡಿಯುವ ಕೆಲಸಕ್ಕೆ ಬಿಳಿ ಬೆಳಕೇ ವಾಸಿ.

ಕಾರ್ಡ್ ಬದಲಿಸಿದ ಮೇಲೆ ಪರೀಕ್ಷೆ. ಯಾರಾದರೂ ಹುಲಿಯಾಗಬೇಕು. ನಾಲ್ಕು ಕಾಲಿನಲ್ಲಿ ತೆವಳಿಕೊಂಡು ಎರಡು ಕ್ಯಾಮೆರಾಗಳ ನಡುವೆ ಹಾದು ಹೋಗಬೇಕು. ಹೊಸಬಳಾದ್ದರಿಂದ ಆ ಪಾತ್ರ ನನ್ನದಾಯಿತು. ನಾನು ತೆವಳಿದೆ, ಎರಡೂ ಕ್ಯಾಮೆರಾ ಮಿಂಚಿದವು. "ಹುಲಿ ಇಷ್ಟು ಬಿರ್ರನೆ ಹೋಗಲ್ಲ ಕನಕ್ಕ. ಸಾವ್ಕಾಶ" ಎಂದರು ವಾಚರ್. ಮತ್ತೆ ತೆವಳಿದೆ. ಕೊನೆಗೆ ಹಲಗೆಯ ಮೇಲೆ ಜಾಗದ ನಂಬರು, ತಾರೀಖು ಬರೆದು ಲೆನ್ಸ್ ಮುಂದೆ ಹಿಡಿಯಬೇಕು. ಆ ಚಿತ್ರ ಇಲ್ಲದಿದ್ದರೆ ಕಾರ್ಡ್ ಎಲ್ಲಿಯದು ಎಂಬ ಗೊಂದಲ ಶುರುವಾಗುತ್ತದೆ. ಕ್ಯಾಮೆರಾದ ಗಡಿಯಾರ ತಪ್ಪಿದ್ದರಂತೂ ರಾತ್ರಿ ಹಗಲಾಗುತ್ತದೆ.

ದಾರಿಯಲ್ಲಿ ಒಂದು ಮತ್ತಿ ಮರದ ಬುಡದಲ್ಲಿ ವಾಚರ್ ನಿಂತು ಮೂಗು ಹತ್ತಿರ ಹಿಡಿಯಿರಿ ಎಂದರು. ಬಾಸ್ಮತಿ ಅಕ್ಕಿ ಬೇಯುವ ವಾಸನೆ. ಹುಲಿ ತನ್ನ ಎಲ್ಲೆ ಗುರುತಿಸಲು ಚಿಮ್ಮಿಸಿದ್ದು. ಇದು ನನ್ನ ಕಲ್ಪನೆಯಲ್ಲ. ಘಮಘಮಿಸುವ ಅಕ್ಕಿಯಲ್ಲಿರುವ ರಾಸಾಯನಿಕವೇ ಹುಲಿಯ ಈ ದ್ರವದಲ್ಲೂ ಇದೆ ಎಂದು ಸಂಶೋಧಕಿ ಹೇಳಿದರು. ಪಕ್ಕದಲ್ಲೇ ನೆಲ ಕೆರೆದ ಗುರುತು. "ನೆನ್ನೆ ರಾತ್ರಿದಲ್ಲ, ಮೊನ್ನೆದು" ಎಂದರು ವಾಚರ್. ಹೇಗೆ ಗೊತ್ತು ಎಂದು ಕೇಳಿದ್ದಕ್ಕೆ, ಕೆರೆದ ಮಣ್ಣಿನ ಮೇಲೆ ಬಿದ್ದ ಎಲೆ ತೋರಿಸಿದರು. ಒಂದೆರಡಲ್ಲ, ಮುಷ್ಟಿ ತುಂಬುವಷ್ಟು ಬಿದ್ದಿದ್ದವು.

ಮಂಗಳವಾರ

ಇವತ್ತು ಹೋದ ದಾರಿಯಲ್ಲಿ ಲಂಟಾನ ಎಂಬ ಮುಳ್ಳುಪೊದೆ ಎರಡೂ ಕಡೆ ಗೋಡೆಯಂತೆ ನಿಂತಿದೆ. ಆಳೆತ್ತರಕ್ಕೂ ಜಾಸ್ತಿ. ಒಳಗೆ ನುಗ್ಗಿದರೆ ಬಟ್ಟೆ ಹರಿಯುತ್ತದೆ. ಆ ಕಡೆ ಏನಿದೆ ಎಂದು ಕಾಣುವುದಿಲ್ಲ, ಆನೆ ಇದ್ದರೂ ಕಾಣುವುದಿಲ್ಲ.

ವಾಚರ್ ಚಿಕ್ಕವರಿದ್ದಾಗ ಇಲ್ಲಿ ಹುಲ್ಲು ಇತ್ತಂತೆ. ಬೇಸಿಗೆ ಶುರುವಿನಲ್ಲಿ ಸೋಲಿಗರು ತರಗು ಬೆಂಕಿ ಹಾಕುತ್ತಿದ್ದರು. ಒಣ ಎಲೆಗೆ ಹಚ್ಚುವ ಸಣ್ಣ ಬೆಂಕಿ. ನೆಲದ ಮೇಲೆ ಬೇಗ ಹಾದು ಹೋಗುತ್ತದೆ, ದೊಡ್ಡ ಮರಕ್ಕೆ ತಾಗುವುದಿಲ್ಲ. 1974ರಲ್ಲಿ ಇದು ವನ್ಯಜೀವಿಧಾಮವಾಯಿತು, ಬೆಂಕಿ ಹಾಕುವುದು ಅಪರಾಧವಾಯಿತು. ಆಮೇಲೆ ಲಂಟಾನ ಹಬ್ಬಿತು, ನೆಲ್ಲಿ ಮರದ ಮೇಲೆ ಉಪ್ಪಿಲು ಎಂಬ ಬಂದಳಿಕೆ ಹೆಚ್ಚಿತು ಎನ್ನುವುದು ಸೋಲಿಗರ ಮಾತು. ಈಗ ಲಂಟಾನ ಒಣಗಿ ನಿಂತ ಕಡೆ ಬೆಂಕಿ ಬಿದ್ದರೆ ಅದು ಮರದ ತುದಿಗೇ ಏರುತ್ತದೆ. ಬೆಂಕಿಯೊಂದೇ ಕಾರಣವೋ ಅಲ್ಲವೋ ಎಂಬ ವಾದ ವಿಜ್ಞಾನಿಗಳ ನಡುವೆ ಇದೆ. ನನಗಂತೂ ಆ ಗೋಡೆಯ ನಡುವೆ ನಡೆಯುವಾಗ ವಾಚರ್ ಮಾತೇ ಸರಿ ಅನಿಸಿತು.

ಇದಕ್ಕೂ ಕ್ಯಾಮೆರಾಗೂ ನೇರ ಸಂಬಂಧ ಇದೆ. ಲಂಟಾನ ಇದ್ದ ಕಡೆ ಪ್ರಾಣಿಗಳಿಗೂ ದಾರಿ ಇಲ್ಲ. ಹುಲಿ, ಚಿರತೆ, ಕರಡಿ ಎಲ್ಲವೂ ಜೀಪ್ ದಾರಿಗೆ, ಬೆಂಕಿ ಹಬ್ಬದಂತೆ ಸವರಿಟ್ಟ ಬೆಂಕಿ ರೇಖೆಗೆ ಇಳಿಯುತ್ತವೆ. ಹಾಗಾಗಿ ಅಲ್ಲಿ ಕಟ್ಟಿದ ಕ್ಯಾಮೆರಾದಲ್ಲಿ ಚಿತ್ರಗಳು ಜಾಸ್ತಿ. ಕ್ಯಾಮೆರಾ ನೋಡುವುದು ಕಾಡಿನ ಒಂದು ದಾರಿಯನ್ನು, ಅದರಲ್ಲೂ ಹತ್ತು ಹೆಜ್ಜೆಯಷ್ಟನ್ನು. ಆ ಹತ್ತು ಹೆಜ್ಜೆ ಯಾವುದು ಎಂದು ಆರಿಸಿದವರು ಯಾರು ಎನ್ನುವುದರ ಮೇಲೆ ಎಲ್ಲ ನಿಂತಿದೆ.

ಮಧ್ಯಾಹ್ನದ ಜಾಗಕ್ಕೆ ಹೋದರೆ ಒಂದು ಕ್ಯಾಮೆರಾ ಇರಲೇ ಇಲ್ಲ. ಸರಪಳಿ ಮರದಲ್ಲೇ ಇತ್ತು. ಕಬ್ಬಿಣದ ಗೂಡು ಬಾಯ್ಬಿಟ್ಟಿತ್ತು. ಗಾರ್ಡ್ ಮೊದಲು ಕಳ್ಳತನ ಎಂದೇ ಅಂದುಕೊಂಡು ವೈರ್‌ಲೆಸ್ ಕೈಗೆತ್ತಿಕೊಂಡರು. ವಾಚರ್ ಮಾತ್ರ ನೆಲ ನೋಡುತ್ತಾ ಇಪ್ಪತ್ತು ಮಾರು ಆಚೆ ಹೋಗಿ, ಹಳ್ಳದ ಬದಿಯಿಂದ ಪ್ಲಾಸ್ಟಿಕ್ ಚೂರು ಎತ್ತಿಕೊಂಡು ಬಂದರು. ಆನೆ. ಕಿತ್ತು, ಮೆಟ್ಟಿ, ಎಸೆದಿತ್ತು. ಕಾರ್ಡ್ ಮಾತ್ರ ಮಣ್ಣು ಮೆತ್ತಿಕೊಂಡು ಹಾಗೇ ಇತ್ತು.

ಆನೆಗೆ ಇದು ಯಾಕೆ ಆಗುವುದಿಲ್ಲ ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಉತ್ತರ. ಮನುಷ್ಯರ ಕೈ ವಾಸನೆ ಎಂದರು ಗಾರ್ಡ್. ಫ್ಲ್ಯಾಶ್ ಎಂದರು ಸಂಶೋಧಕಿ. "ಅದರ ದಾರಿಲಿ ನಾವು ಕಟ್ಟಿರದು. ಅದ್ಕ ಸಿಟ್ಟು" ಎಂದರು ವಾಚರ್. ಹಿಂತಿರುಗುವಾಗ ಆ ಆನೆಯೋ ಇನ್ನೊಂದೋ, ದಾರಿಯ ನಡುವೆ ನಿಂತು ನಮ್ಮನ್ನು ಮುಕ್ಕಾಲು ಗಂಟೆ ಕಾಯಿಸಿತು. ನಾವು ಬಂಡೆಯ ಹಿಂದೆ ಕೂತು ಕಡಲೆಕಾಯಿ ತಿಂದೆವು.

ಬುಧವಾರ

ಇವತ್ತು ನಡಿಗೆ ಇಲ್ಲ. ಕ್ಯಾಂಪಿನಲ್ಲಿ ಕೂತು ಕಾರ್ಡ್‌ಗಳನ್ನು ನೋಡುವ ದಿನ. ಸೋಲಾರ್‌ನಲ್ಲಿ ಚಾರ್ಜ್ ಆದ ಲ್ಯಾಪ್‌ಟಾಪ್, ಪಕ್ಕದಲ್ಲಿ ಒಂದು ನೋಟ್‌ಬುಕ್, ಕುದಿಯುತ್ತಲೇ ಇರುವ ಟೀ.

ಮೊದಲ ಕಾರ್ಡ್ ಹಾಕಿದಾಗ ಎಲ್ಲರೂ ಸುತ್ತ ನೆರೆದಿದ್ದರು. ಹುಲ್ಲು. ಹುಲ್ಲು. ಹುಲ್ಲು. ಇಲಾಖೆಯ ಜೀಪು. ಹುಲ್ಲು. ಜೀಪು ವಾಪಸು. ಒಂದು ಕೊಂಬೆ ಬಾಗಿ ಲೆನ್ಸ್ ಮುಂದೆ ತೂಗಾಡಿದ ಮಧ್ಯಾಹ್ನವೊಂದರ ನೂರಾರು ಚಿತ್ರಗಳು. ನಿಧಾನಕ್ಕೆ ಒಬ್ಬೊಬ್ಬರೇ ಎದ್ದು ಹೋದರು.

ಇದು ನಮ್ಮ ಕ್ಯಾಂಪಿನ ಕತೆ ಮಾತ್ರ ಅಲ್ಲ. 2018ರ ರಾಷ್ಟ್ರೀಯ ಹುಲಿ ಗಣತಿಯಲ್ಲಿ ದೇಶದ 26,838 ಕಡೆ ಕ್ಯಾಮೆರಾ ಇಟ್ಟಿದ್ದರು. ಅತಿ ದೊಡ್ಡ ಕ್ಯಾಮೆರಾ ಟ್ರ್ಯಾಪ್ ಸಮೀಕ್ಷೆ ಎಂದು ಗಿನ್ನೆಸ್ ದಾಖಲೆಯೂ ಆಯಿತು. ಬಂದ ಚಿತ್ರಗಳು 3,48,58,623. ಅದರಲ್ಲಿ ಹುಲಿ ಇದ್ದದ್ದು 76,651, ಚಿರತೆ 51,777. ಸುಮಾರು ನಾನೂರೈವತ್ತು ಚಿತ್ರಕ್ಕೆ ಒಂದು ಹುಲಿ. ಅಷ್ಟನ್ನೂ ಕಣ್ಣಿನಿಂದಲೇ ಬೇರ್ಪಡಿಸಲು ಆಗದೆ, ಜಾತಿವಾರು ವಿಂಗಡಿಸುವ ಕ್ಯಾಟ್‌ರ್ಯಾಟ್ ಎಂಬ ಸಾಫ್ಟ್‌ವೇರ್ ಬಳಸಿದರು. ಪಟ್ಟೆ ಹೋಲಿಸುವುದಕ್ಕೆ ಬೇರೊಂದು ಸಾಫ್ಟ್‌ವೇರ್. ಕೊನೆಯಲ್ಲಿ ಗುರುತು ಸಿಕ್ಕ ಬೇರೆ ಬೇರೆ ಹುಲಿಗಳು 2,461. ಅಂದಾಜು ಮಾಡಿದ ಒಟ್ಟು ಸಂಖ್ಯೆ 2,967.

ಗುರುತು ಸಿಕ್ಕಿದ್ದಕ್ಕಿಂತ ಒಟ್ಟು ಸಂಖ್ಯೆ ಯಾಕೆ ಜಾಸ್ತಿ? ಸಿಗದೆ ಉಳಿದದ್ದನ್ನು ಎಣಿಸುವುದು ಹೇಗೆ? ಇದೇ ನನಗೆ ಎಷ್ಟೋ ವರ್ಷದಿಂದ ಅರ್ಥವಾಗದ ಲೆಕ್ಕ. ಸಂಶೋಧಕಿ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದು ತೋರಿಸಿದರು. ಮೊದಲ ಸುತ್ತಿನಲ್ಲಿ 10 ಬೇರೆ ಬೇರೆ ಹುಲಿ ಸಿಕ್ಕವು ಅಂತಿಟ್ಟುಕೊಳ್ಳಿ. ಎರಡನೇ ಸುತ್ತಿನಲ್ಲೂ 10 ಸಿಕ್ಕವು, ಅದರಲ್ಲಿ 5 ಹಳೆಯವೇ. ಅಂದರೆ ನಮಗೆ ಆಗಲೇ ಪರಿಚಯವಾದವು ಕಾಡಿನ ಅರ್ಧದಷ್ಟು. ಹಾಗಾದರೆ ಒಟ್ಟು ಸುಮಾರು 20. ನಿಜವಾದ ಲೆಕ್ಕದಲ್ಲಿ ಯಾವ ಹುಲಿ ಯಾವ ಜಾಗದಲ್ಲಿ ಸಿಕ್ಕಿತು ಎನ್ನುವುದೂ ಸೇರುತ್ತದೆ, ಆದರೆ ಬೇರು ಇದೇ. ಸಮೀಕ್ಷೆಯನ್ನು ವಾರಗಳಲ್ಲಿ ಮುಗಿಸಬೇಕು, ವರ್ಷಗಟ್ಟಲೆ ಎಳೆಯಬಾರದು. ಎಳೆದರೆ ನಡುವೆ ಹುಟ್ಟಿದವು, ಸತ್ತವು ಸೇರಿ ಲೆಕ್ಕ ಕೆಡುತ್ತದೆ.

ಈ ಲೆಕ್ಕವನ್ನು ಹುಲಿಗೆ ಮೊದಲು ಹೊಂದಿಸಿದ್ದು ನಮ್ಮ ನಾಗರಹೊಳೆಯಲ್ಲೇ. 1990ರ ದಶಕದ ಶುರುವಿನಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಅಲ್ಲಿ ಕ್ಯಾಮೆರಾ ಕಟ್ಟಿದರು. 1995ರಲ್ಲಿ ಅದರ ಪ್ರಬಂಧ ಬಂತು. ಆಗಿನ ಸರ್ಕಾರಿ ಗಣತಿ ಹೆಜ್ಜೆಗುರುತಿನದು. ಗಾಜಿನ ಮೇಲೆ ಹುಲಿಯ ಹೆಜ್ಜೆಯ ಗೆರೆ ಎಳೆದು, ಕಾಗದಕ್ಕೆ ಇಳಿಸಿ, ಇದು ಇಂಥ ಹುಲಿ ಎನ್ನುತ್ತಿದ್ದರು. ಮಣ್ಣು ಮೆದುವಾದರೆ ಹುಲಿ ದೊಡ್ಡದು, ಗಟ್ಟಿಯಾದರೆ ಚಿಕ್ಕದು. ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿಗಳಿದ್ದವು, ಕಾಡಿನಲ್ಲಿ ಒಂದೂ ಇಲ್ಲ ಎಂದು 2005ರಲ್ಲಿ ಬಯಲಾದ ಮೇಲೆ ಆ ಪದ್ಧತಿ ಬಿಟ್ಟರು. ಹೊಸ ವಿಧಾನದ ಮೊದಲ ಎಣಿಕೆ 2006ರದು, 1,411 ಹುಲಿ. 2022ರದ್ದು 3,682. ಕರ್ನಾಟಕದ ಪಾಲು 563, ಮಧ್ಯಪ್ರದೇಶದ 785ರ ನಂತರದ ಸ್ಥಾನ.

ಕ್ಯಾಮೆರಾ ಉಪಾಯ ಅದಕ್ಕೂ ಹಳೆಯದು. 1920ರ ದಶಕದಲ್ಲಿ ಉತ್ತರ ಭಾರತದ ಕಾಡುಗಳಲ್ಲಿ ಚಾಂಪಿಯನ್ ಎಂಬ ಬ್ರಿಟಿಷ್ ಅರಣ್ಯಾಧಿಕಾರಿ ದಾರಿಗೆ ಅಡ್ಡ ತಂತಿ ಕಟ್ಟಿ, ಹುಲಿ ಅದನ್ನು ಎಡವಿದಾಗ ಫ್ಲ್ಯಾಶ್ ಪುಡಿ ಹೊತ್ತಿ ಫೋಟೋ ಬರುವ ಹಾಗೆ ಮಾಡಿದ್ದರು. ಒಂದು ರಾತ್ರಿಗೆ ಒಂದೇ ಚಿತ್ರ. ಪಟ್ಟೆ ನೋಡಿ ಹುಲಿ ಗುರುತಿಸಬಹುದು ಎಂದು ಅವರೂ ಗಮನಿಸಿದ್ದರು. ಒಂದು ಚಿತ್ರಕ್ಕೆ ಒಂದು ರಾತ್ರಿ ಕಾದವರಿಗೆ ನಮ್ಮ ಈ ಹುಲ್ಲಿನ ರಾಶಿ ತೋರಿಸಿದ್ದರೆ ಏನನ್ನುತ್ತಿದ್ದರೋ.

ನಾಲ್ಕು ಗಂಟೆ ಹೊತ್ತಿಗೆ ಒಂದು ಕಾರ್ಡ್ ಎಲ್ಲರನ್ನೂ ವಾಪಸು ಕರೆಯಿತು. ಒಂದೇ ಜಾಗದ ಒಂದೇ ರಾತ್ರಿ. ಸಂಜೆ 6.12ಕ್ಕೆ ಕಾಡುಕೋಳಿ ಹುಂಜ, ಹಿಂದೆ ಎರಡು ಹೇಟೆ. 7.40ಕ್ಕೆ ಮುಳ್ಳುಹಂದಿ, ಮುಳ್ಳೆಲ್ಲ ಬಿಳಿ ಬಿಳಿ. 9.05ಕ್ಕೆ ಕಡವೆ, ತಲೆ ಎತ್ತಿ ಕಿವಿ ನಿಮಿರಿಸಿ ನಿಂತಿದೆ. 11.20ಕ್ಕೆ ಚಿರತೆ, ಗಂಡು, ಹೊಟ್ಟೆ ತುಂಬಿದೆ. 2.48ಕ್ಕೆ ಹುಲಿ. ಎರಡೂ ಮಗ್ಗುಲು, ಎರಡೂ ಸ್ಪಷ್ಟ. ತಲೆ ತಗ್ಗಿಸಿ, ಭುಜ ಎದ್ದು, ಕ್ಯಾಮೆರಾ ಕಡೆ ನೋಡದೆ ನಡೆದು ಹೋಗುತ್ತಿದೆ. 4.31ಕ್ಕೆ ಕರಡಿ, ಮೂಗು ಲೆನ್ಸಿಗೇ ಒತ್ತಿದೆ. ಬೆಳಿಗ್ಗೆ 6.55ಕ್ಕೆ ಗಸ್ತು ಹೊರಟ ನಮ್ಮದೇ ಕ್ಯಾಂಪಿನ ಇಬ್ಬರು, ಒಬ್ಬರ ಕೈಯಲ್ಲಿ ಹಾಲಿನ ಕ್ಯಾನು.

ಕ್ಯಾನು ಹಿಡಿದವರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. "ಅಯ್ಯೋ, ಅವತ್ತು ನಾನು ಹಾಡ್ಕೊಂಡ್ ಹೋಯ್ತಿದ್ದೆ" ಎಂದರು. ಎಲ್ಲರೂ ನಕ್ಕೆವು.

ಚಿರತೆ ಮುಂಚೆ ಬಂದು ಹೋಗಿದ್ದು ಹುಲಿಯನ್ನು ತಪ್ಪಿಸೋಕೆ ಅಲ್ವಾ ಎಂದು ನಾನು ಕೇಳಿದೆ. ಒಂದು ರಾತ್ರಿ ನೋಡಿ ಹಾಗೆ ಹೇಳೋಕಾಗಲ್ಲ ಎಂದರು ಸಂಶೋಧಕಿ. ಚಂದದ ಕತೆ ಕಟ್ಟುವುದಕ್ಕೆ ಇಂಥ ಒಂದು ಕಾರ್ಡ್ ಸಾಕು. ನೂರು ಕಾರ್ಡ್ ನೋಡಿದ ಮೇಲೂ ಆ ಕತೆ ಉಳಿಯುತ್ತದೆಯೇ ಎನ್ನುವುದು ಅವರ ಕೆಲಸ.

ಹುಲಿಗೆಂದು ಬಲೆ ಬೀಸಿದಾಗ ಬೇರೆಯವೂ ಬೀಳುತ್ತವೆ. ಕಾವೇರಿ ವನ್ಯಜೀವಿಧಾಮದಲ್ಲಿ ಚಿರತೆಗೆಂದು ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಅವರ ತಂಡ ಇಟ್ಟ ಕ್ಯಾಮೆರಾಗಳಲ್ಲಿ ತರಕರಡಿ (ಹನಿ ಬ್ಯಾಡ್ಜರ್) ಸಿಕ್ಕಿತ್ತು. ರಾತ್ರಿ ಓಡಾಡುವ, ಬಿಲದಲ್ಲಿರುವ ಪ್ರಾಣಿ. ಕಣ್ಣಾರೆ ಕಂಡವರು ತೀರಾ ಕಡಿಮೆ. ನಮಗೆ ಅಂಥ ಅದೃಷ್ಟ ಇರಲಿಲ್ಲ. ಚಿಪ್ಪುಹಂದಿಯ ಬಾಲದಂತೆ ಕಂಡ ಒಂದು ಚಿತ್ರದ ಮುಂದೆ ಅರ್ಧ ಗಂಟೆ ವಾದ ನಡೆಯಿತು. ಕೊನೆಗೆ ಅದು ಕೊಳೆತ ಕೊಂಬೆ ಎಂದು ತೀರ್ಮಾನವಾಯಿತು. ಪುನುಗು ಬೆಕ್ಕುಗಳು ಮಾತ್ರ ಧಾರಾಳವಾಗಿ ಬಂದವು.

ಗುರುವಾರ

ಮೇಲಿನ ಬೋಳಿಗೆ ಹೋದೆವು. ಮಂಜು ಎಷ್ಟು ದಟ್ಟ ಎಂದರೆ ಮುಂದಿದ್ದ ಗಾರ್ಡಿನ ಬ್ಯಾಗ್ ಮಾತ್ರ ಕಾಣುತ್ತಿತ್ತು. ಎರಡೂ ಕ್ಯಾಮೆರಾ ಸರಿ ಇದ್ದವು. ಕಾರ್ಡ್‌ನಲ್ಲಿ ಕಾಟಿಗಳ ಹಿಂಡು, ಮತ್ತೆ ಮತ್ತೆ ಅದೇ ಹಿಂಡು. ಮಧ್ಯಾಹ್ನ ಮಳೆ ಹನಿಯಿತು. ಬೇಗ ಇಳಿದು ಬಂದು ಮಲಗಿದೆವು. ಜಿಗಣೆ ಇಲ್ಲದ ಕಾಲದಲ್ಲಿ ಬಂದದ್ದು ಪುಣ್ಯ.

ಶುಕ್ರವಾರ

ಪೋಡಿಗೆ, ಅಂದರೆ ಸೋಲಿಗರ ಹಾಡಿಗೆ, ಹತ್ತಿರವಿರುವ ಕಾಲುದಾರಿಯ ಕ್ಯಾಮೆರಾ. ಇದರ ಕಾರ್ಡ್ ನೋಡುವಾಗ ನನಗೆ ಮುಜುಗರವಾಯಿತು. ತುಂಬಾ ಜನ ಇದ್ದರು. ಸೌದೆ ಹೊರೆ ಹೊತ್ತ ಹೆಂಗಸರು, ಶಾಲೆಗೆ ಹೋಗುವ ಮಕ್ಕಳು, ಮೇಕೆ. ಒಬ್ಬ ಹುಡುಗ ಲೆನ್ಸ್ ಗಾಜಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಿದ್ದಾನೆ. ಒಬ್ಬ ಅಜ್ಜಿ ಹೊರೆ ಇಳಿಸಿ, ಸೆರಗು ಸರಿ ಮಾಡಿಕೊಳ್ಳುತ್ತಾ ನಿಂತಾಗ ಕ್ಲಿಕ್ ಆಗಿದೆ. ಅವರಿಗೆ ಗೊತ್ತಿರಲಿಲ್ಲ. ನಾನು ಆ ಚಿತ್ರ ದಾಟಿಸಿಬಿಟ್ಟೆ.

ಈ ತಂಡದಲ್ಲಿ ಒಂದು ಪದ್ಧತಿ ಇದೆ. ಮನುಷ್ಯರ ಚಿತ್ರಗಳನ್ನು ಬೇರೆ ಮಾಡಿ ಅಳಿಸುತ್ತಾರೆ. ಕ್ಯಾಮೆರಾ ಕಟ್ಟುವ ಮುಂಚೆ ಪೋಡಿಗೆ ಹೋಗಿ ಹೇಳಿರುತ್ತಾರೆ. ಎಲ್ಲ ಕಡೆಯೂ ಹೀಗೆ ನಡೆಯುತ್ತದೆ ಎಂದಲ್ಲ. 2024ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ಉತ್ತರಾಖಂಡದ ಕಾರ್ಬೆಟ್ ಕಾಡಿನ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿನ ಹೆಂಗಸರು ಕಾಡಿನೊಳಗೆ ಹೋಗುವಾಗ ಪ್ರಾಣಿಗಳು ದೂರ ಇರಲಿ ಎಂದು ಜೋರಾಗಿ ಹಾಡಿಕೊಂಡು ಹೋಗುತ್ತಿದ್ದರಂತೆ. ಕ್ಯಾಮೆರಾ ಬಂದ ಮೇಲೆ ಸಂಕೋಚ, ಭಯ. ದನಿ ತಗ್ಗಿತು. ಪ್ರಾಣಿಗೆಂದು ಇಟ್ಟ ಯಂತ್ರ ಹೆಂಗಸರನ್ನು ಪ್ರಾಣಿಯ ಬಾಯಿಗೇ ಹತ್ತಿರ ತಂದಿತು. ಬುಧವಾರ ಹಾಲಿನ ಕ್ಯಾನಿನವರು ಹಾಡ್ಕೊಂಡ್ ಹೋಯ್ತಿದ್ದೆ ಎಂದಾಗ ನಾವು ನಕ್ಕಿದ್ದೆವಲ್ಲ, ಇದನ್ನು ಕೇಳಿದ ಮೇಲೆ ಆ ಹಾಡು ಬರೀ ತಮಾಷೆಯಾಗಿ ಉಳಿಯಲಿಲ್ಲ.

ಈ ಕಾಡಿನಲ್ಲಿ ಈ ಪ್ರಶ್ನೆಗೆ ಇನ್ನೂ ಜಾಸ್ತಿ ತೂಕ ಇದೆ. 2011ರ ಅಕ್ಟೋಬರ್ 2ರಂದು ಇಲ್ಲಿನ 25 ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥದ್ದು ಅದೇ ಮೊದಲು. ಸೋಲಿಗರಿಗೆ ಬೆಟ್ಟದ ದೇವರು ನೆಂಟ. ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದ ಎಂದು ಕತೆ, ಅದಕ್ಕೇ ಅವನು ರಂಗಭಾವ. ಭಾವನ ಬೆಟ್ಟದಲ್ಲಿ ಓಡಾಡುವುದಕ್ಕೆ ಕ್ಯಾಮೆರಾದ ಅಪ್ಪಣೆ ಬೇಕಾ? ಸಂಶೋಧಕಿ ಸಂಜೆ ಪೋಡಿಗೆ ಹೋಗಿ, ಆ ಕ್ಯಾಮೆರಾವನ್ನು ಬೇರೆ ಕಡೆ ಸರಿಸಲಾ ಎಂದು ಕೇಳಿದರು. ಬೇಡ, ಇರಲಿ ಎಂದರು ಹಿರಿಯರು. ಆನೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ನಮಗೂ ಹೇಳಿ, ಬೆಳಿಗ್ಗೆ ಕಾಫಿ ಕುಯ್ಯೋಕೆ ಹೋಗುವವರಿಗೆ ಅನುಕೂಲ ಎಂದರು. ಲ್ಯಾಪ್‌ಟಾಪ್ ಅಲ್ಲೇ ತೆರೆದು ಆನೆಯ ಚಿತ್ರಗಳ ಸಮಯವನ್ನು ಓದಿ ಹೇಳಿದೆವು. ಹೆಚ್ಚಿನವು ಬೆಳಗಿನ ಐದರಿಂದ ಆರೂವರೆಯ ಒಳಗಿದ್ದವು. "ಅದು ನಮ್ಗ ಗೊತ್ತಿರದೆಯ" ಎಂದರು ಒಬ್ಬರು. ಆದರೂ ಸಮಯ ಬರೆದುಕೊಂಡರು.

ಶನಿವಾರ

ಆನೆ ಒಡೆದ ಕ್ಯಾಮೆರಾ ಬದಲು ಹೊಸದು ಕಟ್ಟುವುದು ಉಳಿದಿತ್ತು. ನಕ್ಷೆಯಲ್ಲಿ ಕಾಡನ್ನು ಎರಡೆರಡು ಚದರ ಕಿಲೋಮೀಟರ್‌ನ ಮನೆಗಳಾಗಿ ಮಾಡಿರುತ್ತಾರೆ, ಪ್ರತಿ ಮನೆಗೂ ಒಂದು ಜೋಡಿ. ಮನೆ ದಾಟುವ ಹಾಗಿಲ್ಲ, ಮನೆಯೊಳಗೆ ಎಲ್ಲಿ ಬೇಕಾದರೂ ಕಟ್ಟಬಹುದು. ಸಂಶೋಧಕಿ ಹಳೆಯ ಜೀಪ್ ದಾರಿಯಲ್ಲೇ ಐವತ್ತು ಮಾರು ಮುಂದೆ ಕಟ್ಟೋಣ ಎಂದರು. ಅಗಲ ದಾರಿ, ಗಟ್ಟಿ ಮರ, ಜೀಪು ಹೋಗುತ್ತದೆ. ವಾಚರ್ ತಲೆ ಆಡಿಸಿದರು.

"ಇಲ್ಲಿ ಬ್ಯಾಡ. ಕಲ್ಲು ಜಾಸ್ತಿ. ಹುಲಿ ಕಾಲ್ಗೆ ಮೆತ್ತನ ಮಣ್ಣು ನೋಡ್ಕೊಂಡು ನಡೀತದ. ಕೆಳ್ಗಡ ಹಳ್ಳದ ದಾರಿಲಿ ಬತ್ತದ."

"ಅಲ್ಲಿ ಒಂದು ಗುರುತೂ ಸಿಕ್ಕಿಲ್ಲವಲ್ಲ ಅಣ್ಣ?"

"ಲಂಟಾನ ಕಡ್ದು ನೋಡಿದ್ರಾ?"

ನೋಡಿರಲಿಲ್ಲ. ಗಾರ್ಡ್ ಮತ್ತು ವಾಚರ್ ಸೇರಿ ಗಂಟೆಗಟ್ಟಲೆ ಮಚ್ಚು ಬೀಸಿದರು. ಲಂಟಾನದ ಆಚೆ ಮರಳು ಹರಡಿದ ಕಿರಿದಾದ ದಾರಿಯೊಂದು ಹಳ್ಳದ ಪಕ್ಕಕ್ಕೆ ಇಳಿದಿತ್ತು. ಹುಲಿಯ ಹೆಜ್ಜೆಗುರುತು ಇರಲಿಲ್ಲ. ಕಡವೆಯದು ಇತ್ತು, ಕಾಡುಕುರಿಯದು ಇತ್ತು. ಒಂದು ಹೊನ್ನೆ ಮರಕ್ಕೆ, ಎದುರು ಒಂದು ತಡಸಲು ಮರಕ್ಕೆ ಕ್ಯಾಮೆರಾ ಬಿಗಿದರು. ಕೊನೆಯ ಸಲ ನಾನು ಹುಲಿಯಾಗಿ ತೆವಳಿದೆ. ವಾಚರ್ ಈ ಸಲ ಏನೂ ಹೇಳಲಿಲ್ಲ, ಅದನ್ನು ಮೆಚ್ಚುಗೆ ಎಂದು ತೆಗೆದುಕೊಂಡೆ. ಮಧ್ಯಾಹ್ನ ಚಾಮರಾಜನಗರದ ಬಸ್ ಹಿಡಿದು ಮೈಸೂರು ಸೇರಿದೆ.

ಮುಂದಿನ ಸುತ್ತು ಮುಗಿಸಿ ಸಂಶೋಧಕಿ ಫೋನ್ ಮಾಡಿದ್ದರು. ಹಳ್ಳದ ದಾರಿಯಲ್ಲಿ ನಾವು ಕಟ್ಟಿ ಬಂದ ಅದೇ ವಾರ ಹುಲಿ ನಡೆದಿದೆ. ಹೆಣ್ಣು, ಹಿಂದಿನ ಯಾವ ಚಿತ್ರಕ್ಕೂ ಹೊಂದುವುದಿಲ್ಲ. ಆದರೆ ಸಿಕ್ಕಿರುವುದು ಎಡ ಮಗ್ಗುಲು ಮಾತ್ರ. ತಡಸಲು ಮರದ ಕ್ಯಾಮೆರಾವನ್ನು ಎರಡು ದಿನ ಮುಂಚೆ ಕರಡಿ ತಿರುಗಿಸಿ, ಲೆನ್ಸ್ ಆಕಾಶದ ಕಡೆ ಮಾಡಿತ್ತಂತೆ. ಇನ್ನೊಂದು ಸರಪಳಿ ಬಿಗಿದು, ಹೊಸ ಕಾರ್ಡ್ ಹಾಕಿ ಬಂದಿದ್ದಾರೆ. "ಅವ್ಳು ತಿರ್ಗ ಬತ್ತಾಳ" ಎಂದು ವಾಚರ್ ಹೇಳಿದ್ದಾರಂತೆ.